ಬರೆದೇ ಸಂಸಾರ ಸಾಕಿದ ಕ್ರಿಸ್ಟೀನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಯಾರಿಗೋ ಉತ್ತರ ಕೊಡುವಾಗ ಫ್ರಾನ್ಸಿನ ಕ್ರಿಸ್ಟೀನ್ ದ ಪಿಜಾನ್ ಹೆಸರು ಬಂತು. 600 ವರ್ಷಗಳ ಹಿಂದೆ ಬರವಣಿಗೆಯಿಂದಲೇ ಮನೆ ನಡೆಸಿದ ಹೆಂಗಸು ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಅಷ್ಟಕ್ಕೇ ನಮ್ಮ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಖುಷಿಯಾಯಿತು. ಹಾಗಾಗಿ ಈ ಸಲ ಪೂರ್ತಿ ಪುಟ ಆಕೆಗೇ.

ಪ್ರಶ್ನೆ: ಮೇಡಂ, ನಾನು ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಕ್ರಿಸ್ಟೀನ್ ಹುಟ್ಟಿದ್ದು ಇಟಲಿಯಲ್ಲಂತೆ. ಮತ್ತೆ ಫ್ರೆಂಚ್ ಲೇಖಕಿ ಹೇಗಾದಳು? ಆಕೆಗಿಂತ ಮುಂಚೆ ಅಲ್ಲಿ ಯಾವ ಹೆಂಗಸೂ ಬರೆದಿರಲಿಲ್ಲವಾ?
(ಓದುಗಿ, ತುಮಕೂರು)

ಉತ್ತರ: ಹುಟ್ಟಿದ್ದು ವೆನಿಸ್‌ನಲ್ಲಿ, 1364ರಲ್ಲಿ. ಅಪ್ಪ ತೊಮ್ಮಾಸೊ ವೈದ್ಯ, ಜ್ಯೋತಿಷಿ. ಫ್ರಾನ್ಸಿನ ರಾಜ ಐದನೇ ಚಾರ್ಲ್ಸ್ ಆತನನ್ನು ಆಸ್ಥಾನಕ್ಕೆ ಕರೆಸಿಕೊಂಡ. ಹೆಂಡತಿ ಮಕ್ಕಳೂ ಪ್ಯಾರಿಸ್‌ಗೆ ಬಂದರು. ಆಗ ಕ್ರಿಸ್ಟೀನ್‌ಗೆ ನಾಲ್ಕು ವರ್ಷದ ಆಸುಪಾಸು. ಬೆಳೆದದ್ದು, ಮದುವೆಯಾದದ್ದು, ಬರೆದದ್ದು, ಸತ್ತದ್ದು ಎಲ್ಲ ಫ್ರಾನ್ಸಿನಲ್ಲೇ. ಬರೆದದ್ದೂ ಫ್ರೆಂಚ್‌ನಲ್ಲೇ. ನಮ್ಮ ಮೂರು ಜಿಲ್ಲೆಗಳಲ್ಲಿ ಮನೆಯಲ್ಲಿ ತೆಲುಗು ಮಾತಾಡಿ ಕನ್ನಡದಲ್ಲಿ ಬರೆಯುವವರು ಎಷ್ಟು ಜನ ಇದ್ದಾರೆ, ಅವರನ್ನು ಕನ್ನಡದ ಲೇಖಕರಲ್ಲ ಅನ್ನುತ್ತೇವಾ?

ಮುಂಚೆಯೂ ಬರೆದವರಿದ್ದರು. 12ನೇ ಶತಮಾನದಲ್ಲಿ ಮಾರಿ ದ ಫ್ರಾನ್ಸ್ ಎಂಬಾಕೆ ಒಳ್ಳೊಳ್ಳೆಯ ಕಥನ ಕವನಗಳನ್ನು ಬರೆದಿದ್ದಾಳೆ. ಕ್ರಿಸ್ಟೀನ್ ಬೇರೆಯಾಗಿ ನಿಲ್ಲುವುದು ಇಲ್ಲಿ: ಆಕೆ ಬರವಣಿಗೆಯನ್ನು ಕಸುಬು ಮಾಡಿಕೊಂಡಳು. ಅದರ ದುಡ್ಡಲ್ಲಿ ಮಕ್ಕಳನ್ನು ಸಾಕಿದಳು. ಇನ್ನೊಂದು ವಿಷಯ, ತನ್ನ ಪುಸ್ತಕಗಳಲ್ಲಿ 'ನಾನು, ಕ್ರಿಸ್ಟೀನ್' ಎಂದು ಹೆಸರು ಹೇಳಿಕೊಂಡೇ ಮಾತಾಡುತ್ತಾಳೆ. ಮರೆಯಲ್ಲಿ ನಿಂತು ಬರೆದವಳಲ್ಲ.

ಪ್ರಶ್ನೆ: ಜ್ಯೋತಿಷಿಯ ಮಗಳು ಅಷ್ಟು ಓದಿದ್ದು ಹೇಗೆ? ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಓದಿಸುತ್ತಿದ್ದರಾ?
(ನಿವೃತ್ತ ಉಪಾಧ್ಯಾಯರು, ಕೋಲಾರ)

ಉತ್ತರ: ಮೇಷ್ಟ್ರೇ, ಓದಿಸುತ್ತಿರಲಿಲ್ಲ. ಅಪ್ಪನಿಗೆ ಆಸೆಯಿತ್ತು, ಅಮ್ಮನಿಗೆ ಇರಲಿಲ್ಲ. ಹೆಣ್ಣು ಕಲಿತರೆ ಕೆಡುತ್ತಾಳೆ ಅನ್ನುವ ಮಾತನ್ನು ಅಪ್ಪ ಒಪ್ಪುತ್ತಿರಲಿಲ್ಲ. ಎಲ್ಲ ಹುಡುಗಿಯರ ಹಾಗೆ ಕೂತು ನೂಲಲಿ ಅನ್ನುವುದು ಅಮ್ಮನ ಹಟ. ಅಮ್ಮನ ಮಾತೇ ಜಾಸ್ತಿ ನಡೆಯಿತು, ಅದಕ್ಕೇ ನನಗೆ ಅಪ್ಪನ ವಿದ್ಯೆಯಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಮಾತ್ರ ದಕ್ಕಿತು ಅನ್ನುವ ಅರ್ಥದಲ್ಲಿ ಆಕೆಯೇ ಬರೆದುಕೊಂಡಿದ್ದಾಳೆ. ನಿಜವಾದ ಓದು ಶುರುವಾದದ್ದು ಗಂಡ ಹೋದ ಮೇಲೆ. ಇತಿಹಾಸ, ತತ್ವಶಾಸ್ತ್ರ, ಕಾವ್ಯ, ಎಲ್ಲವನ್ನೂ ಒಬ್ಬಳೇ ಕೂತು ಓದಿಕೊಂಡಳು.

ಪ್ರಶ್ನೆ: ಅಕ್ಕಾ, ನಮ್ಮದು ರೇಷ್ಮೆ ರೀಲಿಂಗ್ ಮನೆ. ಯಜಮಾನರು ಹೋಗಿ ಒಂದು ವರ್ಷ ಆಗುತ್ತಾ ಬಂತು. ಎರಡು ಮಕ್ಕಳು, ಜೊತೆಗೆ ಅತ್ತೆ ಇದ್ದಾರೆ. ಯಜಮಾನರಿಗೆ ಬರಬೇಕಾದ ದುಡ್ಡು ಯಾರ ಯಾರ ಹತ್ತಿರ ಇದೆ ಅಂತ ನನಗೆ ಪೂರ್ತಿ ಗೊತ್ತಿರಲಿಲ್ಲ. ಗೊತ್ತಾದ ಕಡೆ ಹೋಗಿ ಕೇಳಿದರೆ 'ನಿನಗೆ ಯಾರಮ್ಮ ಹೇಳಿದ್ದು' ಅಂತಾರೆ. ನಾನು ಮುಂಚಿನಿಂದಲೂ ಕತೆ, ಕವನ ಬರೆದಿಟ್ಟಿದ್ದೇನೆ. ಆ ಕ್ರಿಸ್ಟೀನ್ ಹಾಗೆ ಬರೆದು ಮನೆ ನಡೆಸೋಕೆ ಆಗುತ್ತಾ? ಆಕೆಗೆ ಗಂಡನ ದುಡ್ಡು ಸಿಕ್ಕಿತಾ?
(ಓದುಗಿ, ಶಿಡ್ಲಘಟ್ಟ)

ಉತ್ತರ: ತಂಗಿ, ಮೊದಲು ನಿನ್ನ ದುಡ್ಡಿನ ವಿಚಾರ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ನಿಮ್ಮ ತಾಲ್ಲೂಕಿನ ನ್ಯಾಯಾಲಯಕ್ಕೆ ಹೋಗಿ ಕಾನೂನು ಸೇವಾ ಸಮಿತಿ ಎಲ್ಲಿ ಎಂದು ಕೇಳು. ಕೈಗೆ ಸಿಕ್ಕ ಚೀಟಿ, ಲೆಕ್ಕದ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಫೋನಿನಲ್ಲಿರುವ ಮೆಸೇಜು, ಏನನ್ನೂ ಬಿಸಾಡಬೇಡ. ಕೊಟ್ಟ ಸಾಲದ ವಸೂಲಿಗೆ ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷದ ಗಡುವಿದೆ. ಅದು ನಿನ್ನ ಯಜಮಾನರು ಹೋದ ದಿನದಿಂದ ಅಲ್ಲ, ಸಾಲದ ಲೆಕ್ಕದಿಂದಲೇ ಓಡುತ್ತಿರುತ್ತದೆ. ಆದ್ದರಿಂದ ಈ ವಾರವೇ ಹೋಗು.

ಈಗ ಕ್ರಿಸ್ಟೀನ್ ಕತೆ. ನಿನ್ನ ಪತ್ರ ಓದಿದಾಗ ನನಗೆ ಮೈ ಜುಂ ಅಂದಿತು, ಯಾಕೆಂದರೆ ಆಕೆಯದೂ ಥೇಟ್ ಇದೇ ಕಷ್ಟ. ಹದಿನೈದಕ್ಕೆ ಮದುವೆ. ಗಂಡ ಎತಿಯೆನ್ ದು ಕಾಸ್ತೆಲ್, ರಾಜನ ಕಾರ್ಯದರ್ಶಿಗಳಲ್ಲಿ ಒಬ್ಬ. ಅಪ್ಪ ಅಮ್ಮ ಗೊತ್ತು ಮಾಡಿದ ಮದುವೆಯಾದರೂ ಇಬ್ಬರೂ ಬಹಳ ಪ್ರೀತಿಯಿಂದ ಇದ್ದರು. 1390ರಲ್ಲಿ ಆತ ರಾಜನ ಜೊತೆ ಬೊವೆ ಎಂಬ ಊರಿಗೆ ಹೋದವನು ಕಾಯಿಲೆ ಬಿದ್ದು ಅಲ್ಲೇ ತೀರಿಕೊಂಡ. ಆಕೆಗಿನ್ನೂ 25. ಮೂರು ಮಕ್ಕಳು, ವಿಧವೆ ತಾಯಿ, ಜೊತೆಗೆ ಸಾಕಬೇಕಾದ ಸೋದರ ಸಂಬಂಧದ ಒಂದು ಹುಡುಗಿ. ಅಪ್ಪ ಆಗಲೇ ಇರಲಿಲ್ಲ. ತಮ್ಮಂದಿರಿಬ್ಬರು ಇಟಲಿಯಲ್ಲಿದ್ದ ಅಪ್ಪನ ಆಸ್ತಿ ನೋಡಿಕೊಳ್ಳಲು ಅಲ್ಲಿಗೇ ಹೋಗಿಬಿಟ್ಟರು. ಗಂಡಂದಿರು ತಮ್ಮ ವ್ಯವಹಾರವನ್ನು ಹೆಂಡತಿಗೆ ಪೂರ್ತಿ ಹೇಳುವುದಿಲ್ಲ, ಅದರಿಂದ ಎಷ್ಟು ಅನಾಹುತ ಆಗುತ್ತದೆ ನೋಡಿ ಎಂದು ಆಕೆ ಮುಂದೆ ಬರೆದಳು. ಈ ಮಾತನ್ನು ನಿನ್ನ ಪತ್ರದ ಪಕ್ಕದಲ್ಲಿಟ್ಟು ಓದಿದೆ.

ಗಂಡನ ಬಾಕಿ ಸಂಬಳಕ್ಕೆ, ಕೈತಪ್ಪುತ್ತಿದ್ದ ಆಸ್ತಿಗೆ ಕೋರ್ಟು ಹತ್ತಿದಳು. ಒಂದು ಹಂತದಲ್ಲಿ ಪ್ಯಾರಿಸ್‌ನ ನಾಲ್ಕು ನ್ಯಾಯಾಲಯಗಳಲ್ಲಿ ಒಟ್ಟೊಟ್ಟಿಗೆ ಕೇಸು. ಹತ್ತು ವರ್ಷ ದಾಟಿದರೂ ಅಲೆದಾಟ ಮುಗಿಯಲಿಲ್ಲ. ಚಳಿಗಾಲದ ಬೆಳಗ್ಗೆ ಹೋಗಿ ಅಧಿಕಾರಿಗಳಿಗೆ ಕಾಯುತ್ತಾ ನಿಲ್ಲುವುದು, ಅಲ್ಲಿ ಕುಡಿದು ಕೂತವರು ನೋಡಿ ನಗುವುದು, ಆಡಬಾರದ ಮಾತು ಆಡುವುದು, ಇದನ್ನೆಲ್ಲ ಆಕೆ ಮುಚ್ಚಿಡದೆ ಬರೆದಿದ್ದಾಳೆ. ಹೊರಗೆ ಹೋಗುವಾಗ ತೇಪೆ ಹಾಕಿದ ಹಳೆಯ ಒಳ್ಳೆ ಬಟ್ಟೆಯನ್ನೇ ಜೋಪಾನವಾಗಿ ಉಡುತ್ತಿದ್ದಳಂತೆ, ಮನೆಯ ಬಡತನ ಊರಿಗೆ ಗೊತ್ತಾಗಬಾರದು ಅಂತ. ಕೊನೆಗೆ ಹಣದಲ್ಲಿ ಸ್ವಲ್ಪ ಭಾಗ ಸಿಕ್ಕಿತು. ಆದರೆ ಅದನ್ನೇ ಕಾಯುತ್ತಾ ಕೂತಿದ್ದರೆ ಮಕ್ಕಳು ಉಪವಾಸ ಬೀಳುತ್ತಿದ್ದರು.

ಇದರ ನಡುವೆಯೇ ಕವನ ಶುರುವಾಯಿತು. ಗಂಡನ ನೆನಪಿನ ಒಂದು ಪದ್ಯವಿದೆ, ಅದರ ಹೆಚ್ಚುಕಡಿಮೆ ಪ್ರತಿ ಸಾಲೂ ಒಂಟಿ ನಾನು, ಒಂಟಿ ನಾನು ಅಂತಲೇ ಆರಂಭ. ಓದಿದರೆ ಗಂಟಲು ಕಟ್ಟುತ್ತದೆ. ಜನ ಮೆಚ್ಚಿದರು. ಆಸ್ಥಾನದವರು ಪ್ರೇಮಗೀತೆ ಬೇಕು ಅಂದರು, ಒಳಗೆ ದುಃಖವಿದ್ದರೂ ಅದನ್ನೂ ಬರೆದುಕೊಟ್ಟಳು. ಸುಮಾರು 1399ರಿಂದ ದೊಡ್ಡ ಪುಸ್ತಕಗಳಿಗೆ ಕೈ ಹಾಕಿದಳು. 1405ರ ಹೊತ್ತಿಗೆ, ಅಂದರೆ ಆರು ವರ್ಷದಲ್ಲಿ, ಚಿಕ್ಕಪುಟ್ಟವನ್ನು ಬಿಟ್ಟು 15 ಮುಖ್ಯ ಪುಸ್ತಕ ಆಗಿದ್ದವು. ಇದು ಆಕೆಯೇ ಕೊಟ್ಟ ಲೆಕ್ಕ. ಲೆಕ್ಕ ಇಟ್ಟಳು ಅನ್ನುವುದೇ ನನಗೆ ದೊಡ್ಡ ವಿಷಯ. ಕೆಲಸ ಅಂದುಕೊಂಡವರು ಮಾತ್ರ ಹಾಗೆ ಲೆಕ್ಕ ಇಡುತ್ತಾರೆ.

ದುಡ್ಡು ಹೇಗೆ ಬರುತ್ತಿತ್ತು ಅಂತ ನೀನು ಕೇಳೇ ಕೇಳುತ್ತೀಯ. ಯುರೋಪಿನಲ್ಲಿ ಅಚ್ಚುಮೊಳೆಯ ಮುದ್ರಣ ಬರಲು ಇನ್ನೂ ಅರ್ಧ ಶತಮಾನ ಬಾಕಿ. ಲೇಖಕರಿಗೆ ಗೌರವಧನ ಅನ್ನುವ ಪದ್ಧತಿಯೇ ಇರಲಿಲ್ಲ. ಒಂದೊಂದು ಪ್ರತಿಯನ್ನೂ ಚರ್ಮದ ಹಾಳೆಯ ಮೇಲೆ ಕೈಯಲ್ಲಿ ಬರೆಯಬೇಕು, ಚಿತ್ರ ಹಾಕಿಸಬೇಕು. ಅದನ್ನು ಒಬ್ಬ ರಾಣಿಗೋ ಪ್ರಭುವಿಗೋ ಅರ್ಪಣೆ ಮಾಡಿದರೆ, ಅವರು ಮೆಚ್ಚಿ ಹಣವನ್ನೋ ಉಡುಗೊರೆಯನ್ನೋ ಕೊಡುತ್ತಿದ್ದರು. ಕ್ರಿಸ್ಟೀನ್ ಈ ಕೆಲಸವನ್ನು ಅಚ್ಚುಕಟ್ಟಾಗಿ ಕಲಿತಳು. ಪ್ರತಿ ಬರೆಯುವವರನ್ನು, ಚಿತ್ರಕಾರರನ್ನು ಹಿಡಿದು ತಾನೇ ನಿಂತು ಮಾಡಿಸಿದಳು, ತಾನೂ ಕೂತು ಬರೆದಳು. ಆಕೆಯ ಕೈಬರಹ ಇದೆ ಎಂದು ವಿದ್ವಾಂಸರು ಗುರುತಿಸಿದ ಹಸ್ತಪ್ರತಿಗಳೇ ಸುಮಾರು 50 ಇವೆ. ಒಂದೇ ಕೃತಿಯನ್ನು ಬೇರೆ ಬೇರೆ ಪ್ರಭುಗಳಿಗೆ ಬೇರೆ ಬೇರೆ ಅರ್ಪಣೆ ಬರೆದು ಕೊಟ್ಟದ್ದೂ ಉಂಟು. 1404ರ ಹೊಸ ವರ್ಷದ ದಿನ ಬರ್ಗಂಡಿಯ ಡ್ಯೂಕ್ ಫಿಲಿಪ್‌ಗೆ ಒಂದು ದೊಡ್ಡ ಕಾವ್ಯ ಕೊಟ್ಟಳು. ಅದರಲ್ಲೇ ಬರುತ್ತದೆ ಆ ಪ್ರಸಿದ್ಧ ಭಾಗ: ನಡುಗಡಲಲ್ಲಿ ಹಡಗಿನ ಯಜಮಾನ ಹೋದ, ವಿಧಿ ಬಂದು ನನ್ನನ್ನು ಗಂಡಸಾಗಿ ಮಾಡಿತು, ನಾನೇ ಚುಕ್ಕಾಣಿ ಹಿಡಿದೆ ಎಂದು. ಅದನ್ನು ಓದಿ ಮೆಚ್ಚಿದ ಫಿಲಿಪ್, ತನ್ನ ಅಣ್ಣ ಐದನೇ ಚಾರ್ಲ್ಸ್ ರಾಜನ ಜೀವನ ಚರಿತ್ರೆ ಬರೆಯುವ ಕೆಲಸ ಒಪ್ಪಿಸಿದ. ಒಬ್ಬ ರಾಜನ ಚರಿತ್ರೆ ಬರೆಯುವ ಕೆಲಸ ಹೆಂಗಸಿಗೆ! ಪುಸ್ತಕ ಮುಗಿಯುವ ಮುಂಚೆಯೇ ಫಿಲಿಪ್ ತೀರಿಕೊಂಡ, ಆದರೂ ಆಕೆ ಬಿಡದೆ ಅದೇ ವರ್ಷ ಮುಗಿಸಿದಳು.

ಆಕೆಯ ಜಾಣತನಕ್ಕೆ ಇನ್ನೊಂದು ಪ್ರಸಂಗ ಹೇಳಲೇಬೇಕು. ಮಗ ಜಾನ್‌ನನ್ನು ಇಂಗ್ಲೆಂಡಿನ ಸಾಲ್ಸ್‌ಬರಿ ಪ್ರಭುವಿನ ಮನೆಗೆ ಕಳಿಸಿದ್ದಳು. 1400ರಲ್ಲಿ ಆ ಪ್ರಭುವಿನ ತಲೆ ಹೋಯಿತು. ಹುಡುಗ ಹೊಸ ರಾಜ ನಾಲ್ಕನೇ ಹೆನ್ರಿಯ ಕೈಗೆ ಸೇರಿದ. ಹೆನ್ರಿ, ನೀನೂ ಬಂದು ನಮ್ಮ ಆಸ್ಥಾನದಲ್ಲಿರು ಎಂದು ಕರೆ ಕಳಿಸಿದ. ಆಕೆಗೆ ಮನಸ್ಸಿಲ್ಲ. ಆದರೆ ಇಲ್ಲ ಅಂದರೆ ಮಗನ ಗತಿ? ಬರುವವಳ ಹಾಗೆಯೇ ಮಾತಾಡುತ್ತಾ, ತನ್ನ ಪುಸ್ತಕಗಳನ್ನು ಕಳಿಸಿಕೊಡುತ್ತಾ, ನನ್ನನ್ನು ಕರೆದುಕೊಂಡು ಬರಲು ಮಗನನ್ನು ಕಳಿಸಿ ಎಂದು ಉಪಾಯ ಮಾಡಿದಳು. ಮಗ ಬಂದ. ಆಕೆ ಹೋಗಲಿಲ್ಲ.

ನಿನಗೆ ನಾನು ಹೇಳುವುದು ಇಷ್ಟು. ರೀಲಿಂಗ್ ಬಿಡಬೇಡ. ಇವತ್ತು ಬರೀ ಕತೆ ಕವನ ನಂಬಿಕೊಂಡು ಕನ್ನಡದಲ್ಲಿ ಮನೆ ನಡೆಸುವುದು ಕಷ್ಟ, ಸುಮ್ನೆ ಆಸೆ ಹುಟ್ಟಿಸಲಾರೆ. ಕ್ರಿಸ್ಟೀನ್ ಹೆಂಗಸರಿಗೆ ಬುದ್ಧಿ ಹೇಳುವ ಇನ್ನೊಂದು ಪುಸ್ತಕ ಬರೆದಿದ್ದಾಳೆ. ಕಸುಬುದಾರರ ಹೆಂಡತಿ ತಾನೂ ಆ ಕಸುಬು ಕಲಿಯಬೇಕು, ಆಗಲೇ ಗಂಡ ಇಲ್ಲದಾಗ ಕೆಲಸದವರನ್ನು ನಡೆಸಬಹುದು ಅಂತಾಳೆ ಅದರಲ್ಲಿ. ಗೂಡಿನ ಮಾರುಕಟ್ಟೆಗೆ ನೀನೇ ಹೋಗು, ಲೆಕ್ಕದ ಪುಸ್ತಕ ನಿನ್ನ ಕೈಯಲ್ಲೇ ಇರಲಿ. ಕತೆಗಳನ್ನು ಪತ್ರಿಕೆಗಳಿಗೆ ಕಳಿಸು, ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೊಂಡು ಕಳಿಸು, ಕೆಳಗೆ ನಿನ್ನ ಹೆಸರನ್ನೇ ಹಾಕು. ಮೊದಲನೆಯದನ್ನು ನಮಗೇ ಕಳಿಸಿದರೆ ಸಂತೋಷದಿಂದ ಓದುತ್ತೇನೆ.

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ಕ್ರಿಸ್ಟೀನ್ ಬರೆದ 'ಹೆಂಗಸರ ನಗರ' ಎಂಬ ಪುಸ್ತಕದ ಹೆಸರು ಕೇಳಿದ್ದೇನೆ. ಎಂಟನೇ ತರಗತಿ ಹುಡುಗಿಯರಿಗೆ ಹೇಳುವ ಹಾಗೆ ಅದರಲ್ಲಿ ಏನಿದೆ?
(ಓದುಗಿ, ಚಿಂತಾಮಣಿ)

ಉತ್ತರ: ಬೇಕಾದಷ್ಟಿದೆ ಮೇಡಂ. ಹುಡುಗರಿಗೂ ಹೇಳಿ.

1405ರ ಪುಸ್ತಕ ಅದು. ಅದಕ್ಕೂ ಮುಂಚೆ ಒಂದು ದೊಡ್ಡ ಜಗಳ ನಡೆದಿತ್ತು. ಆ ಕಾಲಕ್ಕೆ ಬಹಳ ಹೆಸರಾಗಿದ್ದ ಒಂದು ಪ್ರೇಮಕಾವ್ಯವನ್ನು ಪ್ಯಾರಿಸ್‌ನ ಪಂಡಿತರು ಹೊಗಳುತ್ತಿದ್ದರು. ಅದರಲ್ಲಿ ಹೆಂಗಸರನ್ನು ಹೀನಾಯವಾಗಿ ಬರೆದಿದೆ ಎಂದು ಕ್ರಿಸ್ಟೀನ್ 1401ರಲ್ಲಿ ಪತ್ರ ಬರೆದಳು. ರಾಜನ ಕಾರ್ಯದರ್ಶಿಗಳಂಥ ದೊಡ್ಡವರೇ ಎದುರು ನಿಂತರು. ಆಕೆ ಹೆದರಲಿಲ್ಲ. ಪ್ಯಾರಿಸ್ ವಿಶ್ವವಿದ್ಯಾಲಯದ ಕುಲಪತಿ ಜಾನ್ ಜೆರ್ಸೊನ್ ಆಕೆಯ ಕಡೆ ನಿಂತ. ಪತ್ರಗಳನ್ನೆಲ್ಲ ಸೇರಿಸಿ ರಾಣಿ ಇಸಬೊಗೆ ಒಪ್ಪಿಸಿದಳು, ಜಗಳ ಎಲ್ಲರ ಕಣ್ಣಿಗೂ ಬೀಳಲಿ ಅಂತ. ಒಬ್ಬ ಹೆಂಗಸು ಪುಸ್ತಕವೊಂದರ ಬಗ್ಗೆ ಎಲ್ಲರೆದುರು ಪಂಡಿತರ ಜೊತೆ ವಾದಕ್ಕೆ ಇಳಿದದ್ದು ಅಲ್ಲಿಯವರಿಗೆ ತೀರಾ ಹೊಸದು.

'ನಗರ' ಶುರುವಾಗುವುದು ಬಹಳ ಸಹಜವಾಗಿ. ಕ್ರಿಸ್ಟೀನ್ ಓದುವ ಕೋಣೆಯಲ್ಲಿದ್ದಾಳೆ. ಹೆಂಗಸರನ್ನು ಬೈಯುವ ಒಂದು ಚಿಕ್ಕ ಪುಸ್ತಕ ಕೈಗೆ ಸಿಗುತ್ತದೆ. ತಿರುವುವಷ್ಟರಲ್ಲಿ ಅಮ್ಮ ಊಟಕ್ಕೆ ಕರೆಯುತ್ತಾಳೆ, ಎದ್ದು ಹೋಗುತ್ತಾಳೆ. ಮಾರನೆಯ ದಿನ ಮತ್ತೆ ಓದಿದಾಗ ತಲೆ ಕೆಡುತ್ತದೆ. ಇಷ್ಟು ಜನ ದೊಡ್ಡ ಗಂಡಸರು ಒಂದೇ ಮಾತು ಹೇಳುತ್ತಿದ್ದಾರೆ ಅಂದಮೇಲೆ ನಿಜವೇ ಇರಬೇಕು, ದೇವರೇ ನನ್ನನ್ನು ಯಾಕೆ ಹೆಣ್ಣಾಗಿ ಹುಟ್ಟಿಸಿದೆ ಎಂದು ಕೊರಗುತ್ತಾಳೆ. ಇದು ನಮ್ಮ ಎಂಟನೇ ತರಗತಿ ಹುಡುಗಿಗೆ ತಕ್ಷಣ ಅರ್ಥವಾಗುತ್ತದೆ, ಅಲ್ವಾ? ಹೊರಗಿನವರು ಹೇಳಿದ್ದನ್ನೇ ಕೇಳಿ ಕೇಳಿ ತನ್ನ ಬಗ್ಗೆ ತಾನೇ ನಂಬಿಬಿಡುವುದು.

ಆಗ ಮೂರು ಜನ ದೇವಿಯರ ಹಾಗೆ ಕಾಣುವ ಹೆಂಗಸರು ಬರುತ್ತಾರೆ: ವಿವೇಕ, ನೇರನಡೆ, ನ್ಯಾಯ. ನಿನ್ನ ಕಣ್ಣೆದುರಿನ ಹೆಂಗಸರನ್ನು ನೋಡು, ನಿನ್ನ ಅನುಭವ ಏನು ಹೇಳುತ್ತದೆ, ಅದನ್ನು ಬಿಟ್ಟು ಯಾರೋ ಬರೆದದ್ದನ್ನು ಯಾಕೆ ನಂಬುತ್ತೀಯ ಅನ್ನುತ್ತಾಳೆ ವಿವೇಕ. ಹೆಂಗಸರಿಗಾಗಿ ಒಂದು ಕೋಟೆ ಕಟ್ಟು ಎಂದು ಮೂವರೂ ಹೇಳುತ್ತಾರೆ. ಬೈಗುಳದ ಮಣ್ಣನ್ನೆಲ್ಲ ಅಗೆದು ಹೊರಗೆ ಹಾಕಿ ಪಾಯ ತೆಗೆಯುತ್ತಾಳೆ ಕ್ರಿಸ್ಟೀನ್. ಒಬ್ಬೊಬ್ಬ ದೊಡ್ಡ ಹೆಂಗಸಿನ ಕತೆಯೂ ಒಂದೊಂದು ಕಲ್ಲು. ಮೊದಲ ಕಲ್ಲು ರಾಜ್ಯ ಕಟ್ಟಿ ಆಳಿದ ರಾಣಿ ಸೆಮಿರಾಮಿಸ್. ರಾಣಿಯರು, ಕವಯಿತ್ರಿಯರು, ಸಂತರು, ಸಾಮಾನ್ಯ ಹೆಂಗಸರು, ಎಲ್ಲರಿಗೂ ಅಲ್ಲಿ ಜಾಗ. ಆ ಕಾಲದ ಪ್ಯಾರಿಸ್‌ನ ಅನಸ್ತಾಸಿಯಾ ಎಂಬ ಚಿತ್ರಕಾರ್ತಿಯೂ ಇದ್ದಾಳೆ. ಪುಸ್ತಕದ ಅಂಚಿನ ಬಳ್ಳಿ, ಹಿನ್ನೆಲೆ ಬರೆಯುವುದರಲ್ಲಿ ಪ್ಯಾರಿಸ್‌ನಲ್ಲಿ ಆಕೆಯನ್ನು ಮೀರಿಸುವವರಿಲ್ಲ, ನನಗೂ ಕೆಲಸ ಮಾಡಿಕೊಟ್ಟಿದ್ದಾಳೆ ಎಂದು ಕ್ರಿಸ್ಟೀನ್ ಹೇಳುತ್ತಾಳೆ. ತನ್ನ ಜೊತೆ ದುಡಿದವಳ ಹೆಸರನ್ನು ಪುಸ್ತಕದ ಒಳಗೇ ಇಟ್ಟುಬಿಟ್ಟಳು. ಈ ಭಾಗ ನನಗೆ ಎಲ್ಲಕ್ಕಿಂತ ಇಷ್ಟ.

ನಿಮ್ಮ ತರಗತಿಯಲ್ಲಿ ಇದೊಂದನ್ನು ಮಾತ್ರ ತಪ್ಪದೆ ಹೇಳಿ. ಹೆಂಗಸರಿಗೆ ತಿಳಿವಳಿಕೆ ಕಡಿಮೆ ಯಾಕೆ ಎಂದು ಕ್ರಿಸ್ಟೀನ್ ಕೇಳುತ್ತಾಳೆ. ಮನೆಯಲ್ಲೇ ಇರಿಸಿದ್ದೀರಿ, ಅದಕ್ಕೆ, ಎಂಬುದು ವಿವೇಕದ ಉತ್ತರ. ಗಂಡುಮಕ್ಕಳ ಹಾಗೆ ಹೆಣ್ಣುಮಕ್ಕಳನ್ನೂ ಶಾಲೆಗೆ ಕಳಿಸುವ ರೂಢಿ ಇದ್ದಿದ್ದರೆ ಅವರೂ ಎಲ್ಲ ಶಾಸ್ತ್ರ ಅಷ್ಟೇ ಚೆನ್ನಾಗಿ ಕಲಿಯುತ್ತಿದ್ದರು. ಹತ್ತನೇ ತರಗತಿ ಆದಮೇಲೆ ಕಾಲೇಜು ದೂರ, ಬಸ್ಸಿಲ್ಲ ಎಂದು ಮನೆಯಲ್ಲಿ ಉಳಿಸಿಕೊಂಡ ಹುಡುಗಿಯರು ನಮ್ಮ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಅವರ ಅಪ್ಪ ಅಮ್ಮಂದಿರು ಸಭೆಗೆ ಬಂದಾಗ ಅವರಿಗೂ ಹೇಳಿ.

ಪ್ರಶ್ನೆ: ಆಕೆ ಯುದ್ಧದ ಬಗ್ಗೆಯೂ ಪುಸ್ತಕ ಬರೆದಿದ್ದಾಳೆ ಅಂತಾರೆ, ನಿಜವೇ? ಜೋನ್ ಆಫ್ ಆರ್ಕ್‌ಗೂ ಆಕೆಗೂ ಏನು ಸಂಬಂಧ?
(ಮಾಜಿ ಸೈನಿಕರು, ಮಧುಗಿರಿ)

ಉತ್ತರ: ನಿಜ ಸಾರ್. 1410ರ ಸುಮಾರಿಗೆ ಸೇನೆ, ಮುತ್ತಿಗೆ, ಯುದ್ಧದ ನೀತಿ ನಿಯಮಗಳ ಬಗ್ಗೆ ಬರೆದಳು. ಪುಸ್ತಕ ಚೆನ್ನಾಗಿ ನಡೆಯಿತು. ಆದರೆ 1488ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾದಾಗ ಆಕೆಯ ಹೆಸರೇ ಇರಲಿಲ್ಲ. ಹೆಂಗಸು ಯುದ್ಧದ ಬಗ್ಗೆ ಬರೆದಳು ಅಂದರೆ ಜನ ಒಪ್ಪುತ್ತಾರಾ ಎಂಬ ಅಳುಕು ಇರಬೇಕು. ಮರುವರ್ಷ ಇಂಗ್ಲೆಂಡಿನ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ ಏಳನೇ ಹೆನ್ರಿ ರಾಜನ ಮಾತಿನ ಮೇಲೆ ಅದನ್ನು ಇಂಗ್ಲಿಷಿಗೆ ತಂದ, ಆಕೆಯ ಹೆಸರು ಹೇಳಿದ. ಆಕೆಯ ಇನ್ನೊಂದು ಪುಸ್ತಕದ ಇಂಗ್ಲಿಷ್ ಅನುವಾದಕನಂತೂ ಇದನ್ನು ಬರೆದದ್ದು ಪ್ಯಾರಿಸ್‌ನ ವಿದ್ವಾಂಸರು, ಕ್ರಿಸ್ಟೀನ್ ಬರೆಸಿದವಳು ಅಷ್ಟೇ ಅಂದುಬಿಟ್ಟ. ನನಗೆ ಈಗಲೂ ಸಿಟ್ಟು ಬರುತ್ತದೆ.

ಇನ್ನು ಜೋನ್. ಕ್ರಿಸ್ಟೀನ್‌ನ ಕೊನೆಯ ವರ್ಷಗಳಲ್ಲಿ ಫ್ರಾನ್ಸ್‌ನಲ್ಲಿ ಒಳಗೊಳಗೇ ಯುದ್ಧ, ಹೊರಗಿನಿಂದ ಇಂಗ್ಲಿಷರು. 1418ರಲ್ಲಿ ಬರ್ಗಂಡಿ ಕಡೆಯವರು ಪ್ಯಾರಿಸ್‌ಗೆ ನುಗ್ಗಿದಾಗ ಆಕೆ ಊರು ಬಿಟ್ಟು ಒಂದು ಮಠ ಸೇರಿದಳು. 11 ವರ್ಷ ಅಳುತ್ತಾ ಕಳೆದೆ ಎನ್ನುತ್ತಾಳೆ. 1429ರಲ್ಲಿ ಜೋನ್ ಎಂಬ ಹಳ್ಳಿ ಹುಡುಗಿ ಮುಂದೆ ನಿಂತು ಓರ್ಲಿಯಾನ್ ಊರಿಗೆ ಇಂಗ್ಲಿಷರು ಹಾಕಿದ್ದ ಮುತ್ತಿಗೆ ಬಿಡಿಸಿದಳು, ಜುಲೈ 17ರಂದು ರಾಜನಿಗೆ ಪಟ್ಟಾಭಿಷೇಕವಾಯಿತು ಎಂಬ ಸುದ್ದಿ ಬಂತು. ಜುಲೈ 31ರ ಹೊತ್ತಿಗೆ ಕ್ರಿಸ್ಟೀನ್ 61 ಪದ್ಯಗಳ ಕವನ ಮುಗಿಸಿದ್ದಳು. ಆಗ ಆಕೆಗೆ 65ರ ಆಸುಪಾಸು. ಜೋನ್ ಬದುಕಿದ್ದಾಗಲೇ ಆಕೆಯ ಗೆಲುವನ್ನು ಹಾಡಿದ ಮೊದಲ ಕವಿ ಕ್ರಿಸ್ಟೀನ್. ಇದಾದ ಮೇಲೆ ಆಕೆ ಬರೆದದ್ದು ಸಿಗುವುದಿಲ್ಲ. 1430ರ ಸುಮಾರಿಗೆ ತೀರಿಕೊಂಡಳು ಎನ್ನುತ್ತಾರೆ. ಜೋನ್‌ಳನ್ನು ಸುಟ್ಟದ್ದು 1431ರ ಮೇ 30ರಂದು.

ಪ್ರಶ್ನೆ: ನೀವು ಆಕೆಯನ್ನು ಬಹಳ ಹೊಗಳುತ್ತೀರಿ. ಆದರೆ ಗಂಡ ಕೆಟ್ಟವನಾದರೂ ಹೆಂಡತಿ ತಾಳಿಕೊಳ್ಳಬೇಕು ಎಂದು ಆಕೆಯೇ ಬರೆದಿದ್ದಾಳಲ್ಲ? ಅಂಥವಳನ್ನು ಸ್ತ್ರೀವಾದಿ ಅನ್ನಬಹುದಾ?
(ಓದುಗಿ, ಗೌರಿಬಿದನೂರು)

ಉತ್ತರ: ಬರೆದಿದ್ದಾಳೆ. 'ನಗರ'ದ ಕೊನೆಯಲ್ಲೇ ಇದೆ. ಮದುವೆಯ ಕಟ್ಟನ್ನು, ರಾಜರ ಆಳ್ವಿಕೆಯನ್ನು, ಮೇಲು ಕೀಳಿನ ವ್ಯವಸ್ಥೆಯನ್ನು ಆಕೆ ಪ್ರಶ್ನೆ ಮಾಡಲಿಲ್ಲ. ಆ ಸಲಹೆಯನ್ನು ಇವತ್ತು ಯಾವ ಹೆಣ್ಣುಮಗಳಿಗೂ ನಾನು ಕೊಡುವುದಿಲ್ಲ. ಹೊಡೆಯುವ ಗಂಡನನ್ನು ತಾಳಿಕೊಂಡು ಇರಬೇಕಾಗಿಲ್ಲ.

ಆದರೆ ನಮ್ಮ ಸಂಚಿ ಹೊನ್ನಮ್ಮನನ್ನೂ ಇದೇ ಪ್ರಶ್ನೆ ಕೇಳಬೇಕಾಗುತ್ತದೆ. 17ನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಕೆಲಸದಲ್ಲಿದ್ದವಳು 'ಹದಿಬದೆಯ ಧರ್ಮ' ಬರೆದಳು. ಪುಸ್ತಕದ ತುಂಬಾ ಪತಿವ್ರತೆಯ ಕರ್ತವ್ಯ. ಅದರ ನಡುವೆಯೇ ಹೆಣ್ಣನ್ನು ಕೀಳಾಗಿ ಕಾಣುವವರು ಕಣ್ಣಿಲ್ಲದ ದಡ್ಡರು ಎಂದು ಮುಖಕ್ಕೆ ಹೇಳಿದಳು. ಇಬ್ಬರೂ ತಮ್ಮ ಕಾಲದ ಗೋಡೆಯ ಒಳಗೆ ನಿಂತೇ ಮಾತಾಡಿದವರು. ಕ್ರಿಸ್ಟೀನ್‌ಗೆ ಯಾವ ಹೆಸರು ಕೊಡುತ್ತೀರೋ ಕೊಡಿ, ನನಗೆ ಅದರ ಬಗ್ಗೆ ಹಟವಿಲ್ಲ. ಹೆಣ್ಣು ಹುಟ್ಟಿನಿಂದ ಕಡಿಮೆಯಲ್ಲ, ಕಲಿಸದೆ ಕಡಿಮೆ ಮಾಡಿದ್ದೀರಿ ಎಂದು 1405ರಲ್ಲಿ ಬರೆದವಳು ಆಕೆ. ಬಾಯಲ್ಲಿ ತಾಳ್ಮೆ ಹೇಳಿದರೂ, ಗಂಡನ ಬಾಕಿಗಾಗಿ ನಾಲ್ಕು ಕೋರ್ಟು ಹತ್ತಿದವಳೂ ಆಕೆಯೇ. ನೀವು ಎತ್ತಿದ ಆ ಕೊನೆಯ ಅಧ್ಯಾಯವನ್ನು ಆಕೆಯ ಬದುಕಿನ ಜೊತೆ ಇಟ್ಟು ಇನ್ನೊಮ್ಮೆ ಓದಿ. ಆಮೇಲೂ ನಿಮ್ಮ ತಕರಾರು ಉಳಿದಿದ್ದರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ನಿಮ್ಮ ಪತ್ರವನ್ನೇ ಮೊದಲು ಹಾಕುತ್ತೇನೆ.